ಅಂಗೈ ಮೇಲಿನ ನಿಲುವು

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮಾ ನದಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಭೀಮೆಯು ಜೇವರ್ಗಿ ತಾಲ್ಲೂಕಿನ ಅಂಚನ್ನು ಬಳಸಿಕೊಂಡು ಆಗ್ನೇಯಕ್ಕೆ ಹರಿಯುತ್ತದೆ. ಹೀಗೆ ನೀರಿನಿಂದ ಒಂದಾದ ಈ ಮೂರು ತಾಲ್ಲೂಕುಗಳ ನೆಲ ಕಪ್ಪು ಎರೆ. ಬೆಳೆ ಜೋಳ ಮತ್ತು ತೊಗರಿ. ಬೇಸಗೆಯಲ್ಲಿ ಕಲ್ಲಾಗಿ ಬಿರಿಯುವ, ಮಳೆಗಾಲದಲ್ಲಿ ನಡೆಯುವವನ ಕಾಲನ್ನೇ ಹಿಡಿದುಕೊಳ್ಳುವ ಈ ಮಣ್ಣಿನಲ್ಲಿ ದುಡಿಯುವವನಿಗೆ ಮೈಯಲ್ಲಿ ಕಸುವಿರಬೇಕು. ಕಸುವಿದ್ದಲ್ಲಿ ಅದನ್ನು ನಾಲ್ಕು ಜನರ ಮುಂದೆ ತೋರುವ ಆಸೆಯೂ ಇರುತ್ತದೆ. ಇಲ್ಲಿಯ ಜಾತ್ರೆಗಳಲ್ಲಿ ಕುಸ್ತಿ, ಗುಂಡು ಎತ್ತುವುದು, ಚೀಲ ಎತ್ತುವುದು ಮೊದಲಾದ ಪಂದ್ಯಗಳಿಗೆ ತೇರಿನಷ್ಟೇ ಜನ ಸೇರುವುದು ಇದೇ ಕಾರಣಕ್ಕಾಗಿ ಇರಬೇಕು.

ಭೀಮೆಯ ದಂಡೆಯ ಒಂದು ಊರಿನಲ್ಲಿ ಅಂತಹ ಹುಡುಗನೊಬ್ಬನಿದ್ದನು. ಹದಿನೇಳು ವರ್ಷದವನು. 100 ಕಿಲೋ ತೂಗುವ ಜೋಳದ ಚೀಲವನ್ನು ನೆಲದಿಂದ ಎತ್ತಿ ಬೆನ್ನ ಮೇಲೆ ಹಾಕಿಕೊಂಡು ಗಾಡಿಗೆ ಒಯ್ಯುತ್ತಿದ್ದನು. ಗರಡಿಮನೆಯಲ್ಲಿ ದಂಡ, ಬಸ್ಕಿಗಳಲ್ಲಿ ಅವನ ಸರಿಸಮಾನರು ಇರಲಿಲ್ಲ. ಒಂದು ದಿನ ನಸುಕಿನಲ್ಲಿ ಸಾಮು ಮುಗಿದ ಮೇಲೆ ವಸ್ತಾದನು ಅವನನ್ನು ಕರೆದು, "ತಮ್ಮಾ, ನಿನ್ನ ಮೈಯಷ್ಟ ನೀ ಎತ್ತು, ನೋಡೋಣು" ಎಂದನು. ಹುಡುಗನಿಗೆ ಅರ್ಥವಾಗಲಿಲ್ಲ. ವಸ್ತಾದನು ಎರಡೂ ಅಂಗೈಗಳನ್ನು ನೆಲಕ್ಕೂರಿ ಕಾಲುಗಳನ್ನು ಮೇಲಕ್ಕೆತ್ತಿ, ಅರವತ್ತು ದಾಟಿದ ತನ್ನ ದೇಹವನ್ನು ನೇರವಾಗಿ ನಿಲ್ಲಿಸಿ, ಹತ್ತು ಎಣಿಸುವಷ್ಟು ಹೊತ್ತು ಹಾಗೆಯೇ ಇದ್ದು, ಮೆಲ್ಲನೆ ಕೆಳಗಿಳಿದನು. ಹುಡುಗನು ನಗುತ್ತ ಮುಂದೆ ಬಂದನು. ಕೈಯೂರಿ ಕಾಲು ಒದೆದನು. ಕಾಲುಗಳು ಮೇಲೆ ಹೋದವು. ಅಲ್ಲಿ ನಿಲ್ಲದೆ ಆಚೆಗೂ ಹೋದವು. ಬೆನ್ನು ನೆಲಕ್ಕೆ ಬಡಿದ ಸದ್ದಿಗೆ ಗುಡಿಯ ಮುಂದಿನ ಬೇವಿನ ಮರದ ಕಾಗೆಗಳು ಹಾರಿದವು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಕಾಲುಗಳು ಮೇಲೇಳಲೇ ಇಲ್ಲ. ಭಯವು ಕಾಲಿಗಿಂತ ಮೊದಲೇ ಮೇಲಕ್ಕೇರಿತ್ತು.

"ಮೊದಲ ಬೀಳೋದು ಕಲಿ, ಆಮ್ಯಾಲ ನಿಲ್ಲೋದು" ಎಂದು ವಸ್ತಾದನು ಅವನನ್ನು ಹೊಳೆಗೆ ಕರೆದೊಯ್ದನು.

ಈ ಸೀಮೆಯಲ್ಲಿ ಗರಡಿಮನೆಗೆ ತಾಲೀಮು ಎಂಬ ಇನ್ನೊಂದು ಹೆಸರುಂಟು. ಉರ್ದುವಿನಲ್ಲಿ ತಾಲೀಮು ಎಂದರೆ ಶಿಕ್ಷಣ. ಶಾಲೆಯಲ್ಲಿ ಕಲಿಯುವ ವಿದ್ಯೆಗೂ ಅದೇ ಮಾತು. ವಸ್ತಾದ ಎಂಬುದು ಉಸ್ತಾದ ಎಂಬ ಪಾರಸಿ ಮಾತಿನ ಕನ್ನಡ ರೂಪ, ಅರ್ಥ, ಗುರು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳಿಕೆಯಲ್ಲಿದ್ದ ಈ ನಾಡಿನಲ್ಲಿ ಉರ್ದುವಿನ ಮಾತುಗಳು ಜೋಳದ ಹೊಲದಲ್ಲಿ ಅಕ್ಕಡಿ ಸಾಲಿನಂತೆ ಕನ್ನಡದ ನಡುವೆ ಬೆಳೆದುಕೊಂಡಿವೆ. ಮೈಯ ವಿದ್ಯೆಗೂ ಅಕ್ಷರ ವಿದ್ಯೆಗೂ ಒಂದೇ ಹೆಸರಿಟ್ಟ ಜನರು ಎರಡನ್ನೂ ಗುರುವಿಲ್ಲದೆ ಬಾರದವೆಂದು ತಿಳಿದಿದ್ದರೆಂದು ತೋರುತ್ತದೆ.

ಹೊಳೆಯ ದಂಡೆಯಲ್ಲಿ ಮರಳು ಉಳಿದಿದ್ದುದು ಒಂದು ಮೂಲೆಯಲ್ಲಿ ಮಾತ್ರ. ಹಿಂದೆ ಅಲ್ಲಿ ಬೆಳ್ಳಗೆ ಹರಡಿಕೊಂಡಿದ್ದ ಮರಳಿನ ಬಹುಪಾಲು ಲಾರಿಗಳನ್ನೇರಿ ಪಟ್ಟಣಗಳ ಮನೆಗಳಾಗಿ ಹೋಗಿತ್ತು. ಉಳಿದ ಆ ಹಾಸಿಗೆಯಷ್ಟು ಮರಳಿನಲ್ಲಿ ಹುಡುಗನು ಹದಿನೈದು ದಿನ ಬೀಳುವುದನ್ನೇ ಕಲಿತನು. ಬೀಳುವುದಕ್ಕೂ ಎರಡು ವಿಧಾನಗಳುಂಟು. ಒಂದು, ಮೊಣಕೈಗಳನ್ನು ನಿಧಾನವಾಗಿ ಮಡಿಸುತ್ತ, ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆಯನ್ನು ನೆಲಕ್ಕೆ ತಾಗಗೊಡದೆ, ಹೆಗಲು ಮತ್ತು ಬೆನ್ನಿನ ಮೇಲೆ ಉರುಳಿ ಎದ್ದುಬಿಡುವುದು. ಇನ್ನೊಂದು, ಕಾಲುಗಳು ಆಚೆಗೆ ವಾಲಿದವೆಂದು ತಿಳಿದ ಕೂಡಲೆ ಒಂದು ಕೈಯನ್ನು ಎತ್ತಿ ಮುಂದಕ್ಕಿಟ್ಟು, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಒಂದಾದ ಮೇಲೊಂದು ಕಾಲನ್ನು ನೆಲಕ್ಕೆ ತರುವುದು. ಎರಡನೆಯದು ಹೆಚ್ಚು ಉಪಯುಕ್ತ. ಕಲ್ಲು ನೆಲದ ಮೇಲೂ ಅದು ನಡೆಯುತ್ತದೆ. ಹೇಗೆ ಬಿದ್ದರೂ ಎದ್ದು ನಿಲ್ಲಬಲ್ಲೆನೆಂಬುದು ಮೈಗೆ ಗೊತ್ತಾದ ದಿನ ಹುಡುಗನ ಕಾಲುಗಳು ತಾವಾಗಿಯೇ ಮೇಲೇಳತೊಡಗಿದವು. ಭಯವನ್ನು ಬುದ್ಧಿ ಹೇಳಿ ಓಡಿಸಲು ಸಾಧ್ಯವಿಲ್ಲ. ಅದು ಮೈಯಲ್ಲಿ ಕುಳಿತಿರುವುದರಿಂದ ಮೈಯೇ ಅದನ್ನು ಓಡಿಸಬೇಕಾಗುತ್ತದೆ.

ಆದರೆ ಮರಳಿನಲ್ಲಿ ನಿಲ್ಲಲು ಬರುವುದಿಲ್ಲ. ಅಂಗೈ ಅದರಲ್ಲಿ ಹೂತುಹೋಗುತ್ತದೆ. ಬೆರಳುಗಳಿಗೆ ಒತ್ತಲು ಏನೂ ಸಿಕ್ಕುವುದಿಲ್ಲ. ನಿಲ್ಲುವುದಕ್ಕೆ ಗಟ್ಟಿ ನೆಲ ಬೇಕು. ಕಲಬುರಗಿ ಜಿಲ್ಲೆಯವರಿಗೆ ಗಟ್ಟಿ ನೆಲದ ಕೊರತೆಯಿಲ್ಲ. ಶಹಾಬಾದಿನ ಗಣಿಗಳಿಂದ ಬರುವ ಫರ್ಸಿ ಕಲ್ಲು ಇಲ್ಲಿಯ ಗುಡಿ, ಶಾಲೆ, ಮನೆಗಳ ನೆಲಕ್ಕೆಲ್ಲ ಹಾಸಿರುತ್ತದೆ. ಬೇಸಗೆಯಲ್ಲೂ ತಣ್ಣಗಿರುವ, ಅಂಗೈಗೆ ನುಣುಪಾಗಿ ಒದಗುವ ಕಲ್ಲು ಅದು. ಗುಡಿಯ ಮುಂದಿನ ಅಂತಹ ಫರ್ಸಿಯ ಮೇಲೆ, ಗೋಡೆಯಿಂದ ಸುಮಾರು ಒಂದು ಅಡಿ ದೂರದಲ್ಲಿ ಕೈಯೂರಿಸಿ ವಸ್ತಾದನು ಎರಡನೆಯ ಪಾಠವನ್ನು ಆರಂಭಿಸಿದನು.

ಇಲ್ಲಿ ಸ್ವಲ್ಪ ನಿಂತು, ಮನುಷ್ಯನು ನಿಲ್ಲುವುದಾದರೂ ಹೇಗೆ ಎಂಬುದನ್ನು ನೋಡುವುದು ಒಳ್ಳೆಯದು. ನಾವು ಕಾಲಿನ ಮೇಲೆ ಸುಮ್ಮನೆ ನಿಂತಿದ್ದೇವೆಂದು ತಿಳಿದಾಗಲೂ ನಮ್ಮ ಮೈ ಸುಮ್ಮನಿರುವುದಿಲ್ಲ. ದೇಹದ ಭಾರವು ಕಣಕಾಲಿನ ಕೀಲಿಗಿಂತ ತುಸು ಮುಂದೆ ಬೀಳುತ್ತದೆ. ಹಾಗೆ ಮುಂದಕ್ಕೆ ವಾಲುವ ದೇಹವನ್ನು ಮೀನಖಂಡದ ಸ್ನಾಯುಗಳು ಹಿಂದಿನಿಂದ ಎಳೆದು ಹಿಡಿಯುತ್ತಲೇ ಇರುತ್ತವೆ. ಈ ಕೆಲಸವನ್ನು ನಾವು ಒಂದು ವರ್ಷದ ಕೂಸಾಗಿದ್ದಾಗ ಕಲಿತು, ಕಲಿತದ್ದನ್ನೇ ಮರೆತಿದ್ದೇವೆ. ಕೈಗಳ ಮೇಲೆ ನಿಂತಾಗ ಕಣಕಾಲಿನ ಕೆಲಸ ಮಣಿಕಟ್ಟಿಗೆ ಬರುತ್ತದೆ, ಪಾದದ ಕೆಲಸ ಅಂಗೈಗೆ. ಅಂಗೈಯ ಬುಡದಿಂದ ಬೆರಳ ತುದಿಯವರೆಗಿನ ಗೇಣುದ್ದಕ್ಕೂ ಕಡಿಮೆಯಾದ ಜಾಗವೇ ಇಡೀ ದೇಹಕ್ಕೆ ಆಧಾರ. ಕಾಲುಗಳು ಬೆರಳಿನ ಕಡೆಗೆ ವಾಲಿದರೆ ಬೆರಳುಗಳು ನೆಲವನ್ನು ಒತ್ತಿ ದೇಹವನ್ನು ಹಿಂದಕ್ಕೆ ತರಬಲ್ಲವು. ಆದರೆ ಅಂಗೈಯ ಬುಡದ ಕಡೆಗೆ ವಾಲಿದರೆ ತಡೆಯುವುದಕ್ಕೆ ಅಲ್ಲಿ ಬೆರಳುಗಳಿಲ್ಲ. ಹೆಗಲಿನಿಂದಲೋ ಮೊಣಕೈಯಿಂದಲೋ ಹೆಣಗಬೇಕು, ಬಹುಮಟ್ಟಿಗೆ ಸೋಲಬೇಕು. ಆದುದರಿಂದ ಬಲ್ಲವರು ಭಾರವನ್ನು ಸದಾ ಬೆರಳಿನ ಕಡೆಗೆ ಒಂದಿಷ್ಟು ಇಟ್ಟುಕೊಂಡಿರುತ್ತಾರೆ. ಬೀಳಲು ಹೆದರುವವನು ಮಾತ್ರ ಅದಕ್ಕೆ ವಿರುದ್ಧವಾಗಿ, ಬಂದ ದಾರಿಯ ಕಡೆಗೇ ಭಾರವನ್ನು ಉಳಿಸಿಕೊಳ್ಳುತ್ತಾನೆ. ಅವನು ಬೀಳುವುದಿಲ್ಲ ನಿಜ. ಆದರೆ ಎಂದೂ ನಿಲ್ಲುವುದೂ ಇಲ್ಲ.

ಕಣ್ಣಿಗೂ ಇದರಲ್ಲಿ ಪಾಲುಂಟು. ಸಮತೋಲವನ್ನು ತಿಳಿಸುವ ಒಳಗಿವಿಯು ತಲೆಕೆಳಗಾದ ಲೋಕಕ್ಕೆ ಒಗ್ಗಿಕೊಂಡಿರುವುದಿಲ್ಲ. ಎರಡು ಕೈಗಳ ನಡುವೆ, ತುಸು ಮುಂದೆ, ನೆಲದ ಒಂದು ಗುರುತಿನ ಮೇಲೆ ದೃಷ್ಟಿಯನ್ನು ನೆಟ್ಟರೆ ಅದಕ್ಕೆ ಆಸರೆಯಾಗುತ್ತದೆ. ಚೆನ್ನಾಗಿ ನಿಲ್ಲಬಲ್ಲವರೂ ಕಣ್ಣು ಮುಚ್ಚಿದೊಡನೆ ತೂಗಾಡತೊಡಗುವರು. ಕಾಲು ಎಲ್ಲಿದೆಯೆಂದು ತಲೆ ಎತ್ತಿ ನೋಡಹೊರಡುವವನ ಗತಿಯಂತೂ ಹೇಳಬೇಕಾಗಿಲ್ಲ. "ಕಾಲು ನೋಡಬ್ಯಾಡ. ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ. ನೆಲಾ ನೂಕು" ಎಂದು ವಸ್ತಾದನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದನು. ನೆಲವನ್ನು ನೂಕುವುದೆಂದರೆ ಹೆಗಲನ್ನು ಕಿವಿಯ ಕಡೆಗೆ ಎತ್ತಿ, ತೋಳುಗಳನ್ನು ಕಂಬದಂತೆ ನೇರಗೊಳಿಸುವುದು. ಹುಡುಗನಿಗೆ ಇದು ಒಗ್ಗಲಿಲ್ಲ. ಅವನು ಚೀಲವನ್ನು ಅಪ್ಪಿ ಎತ್ತಿದ್ದವನು, ನೂಕಿ ಗೊತ್ತಿರಲಿಲ್ಲ. ಮೇಲಾಗಿ ಅವನ ಬಲವೆಲ್ಲ ಒಮ್ಮೆಗೇ ಹೊರಬರುವ ಬಲ. ಇಲ್ಲಿಯೋ ಚಮಚದಲ್ಲಿ ಎಣ್ಣೆ ಅಳೆದಂತೆ ಅದನ್ನು ಬೆರಳ ತುದಿಯಲ್ಲಿ ಅಳೆದು ಕೊಡಬೇಕಾಗಿತ್ತು.

ಗೋಡೆಯೂ ಒಂದು ಹಂತದವರೆಗೆ ಗುರು, ಆಮೇಲೆ ಕೆಟ್ಟ ಚಟ. ಹಿಮ್ಮಡಿ ಗೋಡೆಗೆ ತಾಗಿದೊಡನೆ ಬೆರಳುಗಳು ಕೆಲಸ ಬಿಟ್ಟುಬಿಡುತ್ತವೆ. ಇದನ್ನರಿತ ವಸ್ತಾದನು ಹುಡುಗನನ್ನು ಹೊಟ್ಟೆ ಗೋಡೆಯ ಕಡೆಗಾಗುವಂತೆ ನಿಲ್ಲಿಸಿ, ಕಾಲುಗಳಿಂದ ಗೋಡೆಯನ್ನು ಹತ್ತಿಸಿ, ಅಲ್ಲಿಂದ ಒಂದೊಂದೇ ಕಾಲನ್ನು ಬಿಡಿಸಿ ನೋಡಿದನು. ಹುಡುಗನ ಮಣಿಕಟ್ಟು ಬಾತುಕೊಂಡಿತು. ತಾಯಿ ಅರಿಶಿನ ಬೆರೆಸಿದ ಎಣ್ಣೆ ಹಚ್ಚಿ, ಮೂರು ದಿನ ಗರಡಿಗೆ ಹೋಗಗೊಡಲಿಲ್ಲ. ಅವಳು ಮಾಡಿದ್ದು ಸರಿಯೇ. ಮಣಿಕಟ್ಟನ್ನು ಮೊದಲು ಹದಗೊಳಿಸದೆ ಆತುರಪಡುವವರಿಗೆ ಈ ನೋವು ತಪ್ಪಿದ್ದಲ್ಲ. ರಕ್ತದೊತ್ತಡ ಹೆಚ್ಚಿರುವವರೂ ಕಣ್ಣಿನ ಒಳಒತ್ತಡದ ತೊಂದರೆಯುಳ್ಳವರೂ ಈ ಸಾಹಸಕ್ಕೆ ಇಳಿಯಲೇಬಾರದು.

ಈ ವಿದ್ಯೆ ನಾಡಿಗೆ ಹೊಸದಲ್ಲ. ಆಳಂದದಿಂದ ಈಶಾನ್ಯಕ್ಕಿರುವ ಇಂದಿನ ಬಸವಕಲ್ಯಾಣವೇ ಚಾಲುಕ್ಯರ ಕಲ್ಯಾಣ. ಅಲ್ಲಿಂದ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವಿಂಗಡಿಸಿ, ಯಾರಿಗೆ ಏನನ್ನು ಉಣಿಸಬೇಕು, ಯಾವ ಶ್ರಮವನ್ನು ಮಾಡಿಸಬೇಕು ಎಂಬುದನ್ನು ಆ ಅರಸನು ವಿವರಿಸುತ್ತಾನೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಮು ಇವೆಲ್ಲ ಅದರಲ್ಲಿ ಸೇರಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿದ್ದು, ಕೈಗಳ ಮೇಲೆ ನಿಂತ ಭಂಗಿಗಳೂ ಅವುಗಳಲ್ಲಿವೆ. ಅದೇ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದಾಗ, 1934ರಲ್ಲಿ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಒಬ್ಬ ಬಡ ಹುಡುಗ ಅವರ ಬಳಿಗೆ ಬಂದನು. ವಿಷಮಶೀತ ಜ್ವರ, ಮಲೇರಿಯಾ, ಕ್ಷಯ ಇವುಗಳಿಂದ ಸೊರಗಿ, ಬಗ್ಗಲೂ ಬಾರದಷ್ಟು ಬಿಗಿದ ಮೈಯವನು. ಅವನೇ ಮುಂದೆ ಲೋಕವೆಲ್ಲ ಬಲ್ಲ ಬಿ.ಕೆ.ಎಸ್. ಅಯ್ಯಂಗಾರ್ ಆದನು. 1966ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥದಲ್ಲಿ ಈ ನಿಲುವಿಗೆ ಅಧೋಮುಖ ವೃಕ್ಷಾಸನವೆಂದು ಹೆಸರು. ತಲೆಕೆಳಗಾದ ಮರವೆಂದು ಅರ್ಥ. ರೋಗದಿಂದ ಎದ್ದುಬಂದವರಾದುದರಿಂದಲೋ ಏನೋ, ಗೋಡೆ, ಹಗ್ಗ, ಕುರ್ಚಿಗಳ ಆಸರೆ ಪಡೆಯುವುದನ್ನು ಅವರು ಎಂದೂ ಕೀಳೆಂದು ಎಣಿಸಲಿಲ್ಲ.

ಅರಸರ ಗ್ರಂಥಗಳಲ್ಲಿ ಹೆಸರು ಬಾರದ ಗುರುಗಳೂ ಇದ್ದರು. ಊರೂರು ತಿರುಗುತ್ತಿದ್ದ ಡೊಂಬರ ಮಕ್ಕಳು ಅಗಸಿಯ ಮುಂದೆ ಗಳು ನೆಟ್ಟು, ಲಾಗ ಹಾಕಿ, ಅಂಗೈಗಳ ಮೇಲೆ ನಡೆದು ತೋರಿಸುತ್ತಿದ್ದರು. ಜನರು ಬೆರಗಾಗಿ ನೋಡಿ, ಒಂದು ಹಿಡಿ ಜೋಳ ನೀಡಿ ಕಳುಹಿಸುತ್ತಿದ್ದರು. ಅದೇ ನಿಲುವನ್ನು ಗರಡಿಯಲ್ಲಿ ಮಾಡಿದರೆ ಸಾಮು, ಅರಮನೆಯಲ್ಲಿ ಮಾಡಿದರೆ ಆಸನ, ಬೀದಿಯಲ್ಲಿ ಮಾಡಿದರೆ ಹೊಟ್ಟೆಪಾಡು! ಹೆಸರುಗಳಲ್ಲಿ ನಾವು ಮಾಡಿಕೊಂಡಿರುವ ಅನ್ಯಾಯ ಕಡಿಮೆಯದಲ್ಲ.

ಗರಡಿಗೆ ಹೋಗುವುದು ನಿಂತ ಆ ಮೂರು ದಿನಗಳಲ್ಲಿ ಹುಡುಗನು ಮನೆಯ ಪಡಸಾಲೆಯಲ್ಲಿ ಕುಳಿತು, ವಸ್ತಾದನು ಹೇಳಿದ್ದನ್ನೆಲ್ಲ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದನು. ಅವನ ತಂಗಿ ಅದನ್ನು ಕೇಳುತ್ತಿದ್ದಳು. ಹನ್ನೊಂದು ವರ್ಷದವಳು, ಆರನೆಯ ತರಗತಿ. ಗರಡಿಯ ಬಾಗಿಲವರೆಗೆ ಅಣ್ಣನಿಗೆ ಹಾಲಿನ ತಂಬಿಗೆ ಒಯ್ದು ಕೊಡುತ್ತಿದ್ದಳೇ ಹೊರತು ಒಳಗೆ ಕಾಲಿಟ್ಟವಳಲ್ಲ. ಹೆಣ್ಣುಮಕ್ಕಳು ಕಣದ ಮಣ್ಣು ತುಳಿಯಬಾರದೆಂಬುದು ಆ ಊರಿನ ಕಟ್ಟಳೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದುದನ್ನೂ, ಅದೇ ಕೂಟದಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ಓಡಿಬಂದು ಅಂಗೈಗಳನ್ನು ಒಂದು ಕ್ಷಣ ಊರಿ ಎರಡು ಲಾಗ ಹಾಕಿ ನಾಲ್ಕನೆಯವಳಾಗಿ ನಿಂತುದನ್ನೂ ಗರಡಿಯ ಹುಡುಗರೆಲ್ಲ ಬಲ್ಲರು. ಆದರೆ ರಿಯೊದ ಸುದ್ದಿಯು ಗರಡಿಯ ಹೊಸ್ತಿಲನ್ನು ದಾಟಿರಲಿಲ್ಲ.

ತಂಗಿ ಪಡಸಾಲೆಯ ಗೋಡೆಗೆ ಕಾಲೆತ್ತಿದಳು. ಅಣ್ಣನು ನಕ್ಕನು. ಬಿದ್ದಳು. ಮತ್ತೆ ಎತ್ತಿದಳು. ಪಕ್ಕಕ್ಕೆ ತಿರುಗಿ ಇಳಿಯುವುದನ್ನು ಅಣ್ಣನೇ ಹೇಳಿಕೊಟ್ಟನು. ಶಾಲೆಯಿಂದ ಬಂದ ಮೇಲೆ, ತೊಗರಿ ಕೇರುವ ಕೆಲಸದ ನಡುವೆ, ಅಮ್ಮನು ಹೊಲಕ್ಕೆ ಹೋದಾಗ, ಅವಳು ನಿಲ್ಲುತ್ತಲೇ ಇದ್ದಳು. ಎರಡು ತಿಂಗಳು ಕಳೆಯಿತು. ಒಂದು ಸಂಜೆ ಅಣ್ಣನು ಗರಡಿಯಿಂದ ಬಂದು ನೋಡಿದಾಗ ಅವಳು ಪಡಸಾಲೆಯ ನಟ್ಟನಡುವೆ, ಗೋಡೆಯ ಹಂಗಿಲ್ಲದೆ, ಪಾಯಿಜಾಮದ ಕಾಲುಗಳನ್ನು ಜೋಡಿಸಿಕೊಂಡು ನಿಂತಿದ್ದಳು. ಅವನು ಮನಸ್ಸಿನಲ್ಲೇ ಎಣಿಸಿದನು. ಹನ್ನೆರಡಾಯಿತು. ಅವನು ಅಲ್ಲಿಯವರೆಗೆ ಗೋಡೆ ಬಿಟ್ಟು ಐದನ್ನು ದಾಟಿರಲಿಲ್ಲ.

ಇದರಲ್ಲಿ ಪವಾಡವೇನೂ ಇರಲಿಲ್ಲ. ಒಂದು ದೇಹವು ಎಲ್ಲ ಕಡೆಗೂ ಎರಡರಷ್ಟು ಬೆಳೆದರೆ ಅದರ ತೂಕ ಎಂಟರಷ್ಟಾಗುತ್ತದೆ. ಸ್ನಾಯುವಿನ ಬಲವಾದರೋ ಅದರ ಅಡ್ಡಗಾತ್ರಕ್ಕೆ ತಕ್ಕಂತೆ ನಾಲ್ಕರಷ್ಟು ಮಾತ್ರ ಬೆಳೆಯುತ್ತದೆ. ಇರುವೆಯು ತನಗಿಂತ ಹಲವು ಪಟ್ಟು ತೂಕವನ್ನು ಹೊರುವುದೂ ಆನೆಯು ಹಾಗೆ ಹೊರಲಾರದಿರುವುದೂ ಈ ಲೆಕ್ಕದಿಂದಲೇ. ಚೀಲ ಎತ್ತುವಲ್ಲಿ ಅಣ್ಣನ ಮೈಯ ಭಾರ ಅವನಿಗೆ ಬಂಡವಾಳವಾಗಿತ್ತು, ಇಲ್ಲಿ ಸಾಲವಾಯಿತು. ಆದರೆ ಲೆಕ್ಕವು ಎಲ್ಲವನ್ನೂ ಹೇಳುವುದಿಲ್ಲ. ಅವಳಿಗೆ ಬಲವಿರಲಿಲ್ಲವಾದುದರಿಂದ ಬಲದಿಂದ ನಿಲ್ಲುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಅಣ್ಣನು ಒಂದು ದಿನವೆಲ್ಲ ಅವಳೊಡನೆ ಮಾತನಾಡಲಿಲ್ಲ. ಊರಿನ ಕಟ್ಟಾಳೆನಿಸಿದವನಿಗೆ ಇದು ಸಣ್ಣ ಪೆಟ್ಟಲ್ಲ. ಮರುದಿನ ರೊಟ್ಟಿ ತಿನ್ನುತ್ತ, ತಟ್ಟೆಯ ಮೇಲಿನಿಂದ ಕಣ್ಣೆತ್ತದೆ, "ಹ್ಯಾಂಗ ನಿಲ್ತೀಯವ್ವ ನೀ?" ಎಂದು ಕೇಳಿದನು.

"ನಾ ಏನೂ ಮಾಡಂಗಿಲ್ಲಣ್ಣಾ. ಬೆರಳು ಮಾಡ್ತಾವ. ನಾ ಸುಮ್ಮ ಅವುಕ್ಕ ಬಿಟ್ಟುಕೊಡ್ತೀನಿ."

ಅವನು ರೊಟ್ಟಿಯನ್ನು ಬಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡನು. ಅಂದು ಗರಡಿಗೆ ಹೋದವನು ಕಾಲನ್ನು ಒದೆಯಲಿಲ್ಲ, ತೂಗುವವನಂತೆ ಎತ್ತಿದನು. ಮೈ ನಡುಗಿತು. ಬೆರಳ ತುದಿಗಳು ಬೆಳ್ಳಗಾಗಿ, ಮತ್ತೆ ಕೆಂಪಾಗಿ, ಮತ್ತೆ ಬೆಳ್ಳಗಾದವು. ದೂರದಿಂದ ನೋಡುವವರಿಗೆ ಅವನು ಕಂಬದಂತೆ ಅಲುಗದೆ ನಿಂತಿದ್ದನು. ಹತ್ತಿರದಲ್ಲಿದ್ದ ವಸ್ತಾದನಿಗೆ ಮಾತ್ರ ಮಣಿಕಟ್ಟಿನೊಳಗಿನ ಆ ನಿಲ್ಲದ ಗಡಿಬಿಡಿ ಕಾಣುತ್ತಿತ್ತು. ಇಳಿದ ಮೇಲೆ ಫರ್ಸಿಯ ಮೇಲೆ ಬೆವರಿನ ಎರಡು ಅಂಗೈ ಗುರುತುಗಳು ಉಳಿದವು.

"ಯಾರು ಹೇಳಿದ್ರು ಇದು?" ಎಂದು ವಸ್ತಾದನು ಕೇಳಿದನು. ತಾನು ಇದನ್ನು ಕಲಿಸಿರಲಿಲ್ಲವೆಂಬುದನ್ನು ಅವನು ಬಲ್ಲನು.

ಹುಡುಗನು ತುಸು ಹೊತ್ತು ಸುಮ್ಮನಿದ್ದು, ಇದ್ದುದನ್ನು ಇದ್ದಂತೆ ಹೇಳಿದನು. ಉಳಿದ ಹುಡುಗರು ನಕ್ಕರು. ವಸ್ತಾದನು ನಗಲಿಲ್ಲ. ಸಂಜೆ ಅವನು ಹುಡುಗನ ಮನೆಯ ಕಡೆಗೆ ಬಂದು, ಚಹಾ ಕುಡಿದು, ಮಳೆ ಬೆಳೆಯ ಮಾತನ್ನೆಲ್ಲ ಆಡಿದ ಮೇಲೆ, "ಎಲ್ಲಿ, ನೋಡೋಣು ತಂಗಿ" ಎಂದನು. ಅವಳು ತಾಯಿಯ ಮುಖ ನೋಡಿದಳು. ತಾಯಿ ಏನೂ ಹೇಳದೆ ಪಡಸಾಲೆಯಲ್ಲಿದ್ದ ತೊಗರಿಯ ಮೊರವನ್ನು ಬದಿಗೆ ಸರಿಸಿದಳು. ಹುಡುಗಿ ನಿಂತಳು. ವಸ್ತಾದನು ಎಣಿಸಲಿಲ್ಲ, ಬಗ್ಗಿ ಅವಳ ಮಣಿಕಟ್ಟನ್ನೇ ನೋಡುತ್ತಿದ್ದನು.

"ಕೈ ಸರಿ ಅದ. ಹೆಗಲು ಇನ್ನಷ್ಟು ಎತ್ತಬೇಕು" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದನು.

ಮರುದಿನ ನಸುಕಿನಲ್ಲಿ ಹುಡುಗಿ ಹಾಲಿನ ತಂಬಿಗೆ ಹಿಡಿದು ಗರಡಿಗೆ ಬಂದಾಗ ಒಳಗೆ ಎಂದಿನಂತೆ ದಂಡ ಹೊಡೆಯುವವರ ಉಸಿರು ಕೇಳುತ್ತಿತ್ತು. ಬಾಗಿಲ ಹೊರಗೆ, ಬೇವಿನ ಮರದ ಕೆಳಗಿದ್ದ ಫರ್ಸಿ ಕಲ್ಲಿನ ಮೇಲೆ ಮಾತ್ರ ಒಂದು ಎಲೆಯೂ ಇರಲಿಲ್ಲ. ಯಾರೋ ಅದನ್ನು ಗುಡಿಸಿ, ನೀರು ಚಿಮುಕಿಸಿ, ಒರೆಸಿ ಇಟ್ಟಿದ್ದರು.